ತೊರ್ಚೆಲ್ಲೊ ಚರ್ಚಿನ ಒಳಾಂಗಣವನ್ನು ನಾನು ದಾಖಲಿಸಿದ ಬಗೆ

ವೆನಿಸ್ ನಗರದ ಈಶಾನ್ಯಕ್ಕೆ, ಹಿನ್ನೀರಿನ ನಡುವೆ ಇರುವ ತೊರ್ಚೆಲ್ಲೊ ದ್ವೀಪದ ಸಾಂತಾ ಮರಿಯ ಅಸ್ಸುಂತಾ ಚರ್ಚಿನ ಪೀಠ, ಕಟಾಂಜನ ಮತ್ತು ಕಲ್ಲುಗೆಲಸಗಳನ್ನು ರೇಖಾಚಿತ್ರಗಳಲ್ಲಿ ದಾಖಲಿಸುವ ಕೆಲಸಕ್ಕೆ ನಾನು ಒಂದು ಚಳಿಗಾಲದಲ್ಲಿ ಆರು ದಿನ ಹೋಗಿದ್ದೆ. ಹಳೆಯ ಕಟ್ಟಡಗಳ ನಕ್ಷೆ ಬರೆಯುವುದು ನನ್ನ ವೃತ್ತಿ. ಒಳಗೆ ಛಾಯಾಚಿತ್ರ ತೆಗೆಯಲು ಅವಕಾಶವಿರಲಿಲ್ಲ, ಯಾವ ಕಲ್ಲಿಗೂ ಟೇಪು ತಾಗಿಸುವಂತಿರಲಿಲ್ಲ. ಹೀಗಾಗಿ ಕಂಬದಿಂದ ಕಂಬಕ್ಕಿರುವ ಅಂತರವನ್ನು ಹೆಜ್ಜೆಯಲ್ಲಿ ಅಳೆದು, ಅದನ್ನೇ ಮಾನವಾಗಿಟ್ಟುಕೊಂಡು, ಉಳಿದೆಲ್ಲವನ್ನೂ ಕೈ ಚಾಚಿ ಹಿಡಿದ ಪೆನ್ಸಿಲಿನಿಂದ ಅನುಪಾತ ನೋಡಿ ಬರೆದೆ. ಎತ್ತರದಲ್ಲಿದ್ದುದಕ್ಕೆ ದುರ್ಬೀನು ನೆರವಾಯಿತು.

ದಾಖಲೆಯನ್ನು ಕಟ್ಟಡದ ಇತಿಹಾಸದಿಂದಲೇ ಆರಂಭಿಸಬೇಕಾಯಿತು. ಆಲ್ತಿನೊ ಎಂಬ ರೋಮನ್ ಪಟ್ಟಣದ ಜನ ಹೂಣರ, ಆಮೇಲೆ ಲಂಬಾರ್ಡರ ದಾಳಿಗೆ ಬೆದರಿ ಹಿನ್ನೀರಿನ ದ್ವೀಪಗಳನ್ನು ಸೇರಿಕೊಂಡರು. ಬಲಿಪೀಠದ ಬಳಿ ಗೋಡೆಯಲ್ಲಿ ಕೂರಿಸಿರುವ ಶಾಸನವು, ಹೆರಾಕ್ಲಿಯಸ್ ಚಕ್ರವರ್ತಿಯ ಆಳ್ವಿಕೆಯಲ್ಲಿ, 639ರಲ್ಲಿ, ದೇವಮಾತೆ ಮರಿಯಮ್ಮನ ಹೆಸರಿನಲ್ಲಿ ಚರ್ಚು ಸ್ಥಾಪನೆಯಾದುದನ್ನು ತಿಳಿಸುತ್ತದೆ. ಇಂದು ಕಾಣುವ ಕಟ್ಟಡ ಮಾತ್ರ ಬಹುಮಟ್ಟಿಗೆ 1008ರ ಸುಮಾರಿನದು; ಆಗ ಬಿಷಪ್ಪರಾಗಿದ್ದ ಓರ್ಸೊ ಓರ್ಸೆಯೊಲೊ, ವೆನಿಸ್ಸಿನ ದೊರೆ ಎರಡನೆಯ ಪಿಯೆತ್ರೊನ ಮಗ. ಮುಂದೆ ಸುತ್ತಲ ನೀರು ಹೂಳು ತುಂಬಿ ಜೌಗಾಯಿತು, ಮಲೇರಿಯಾ ಹರಡಿತು, ಜನ ಗುಳೆ ಹೊರಟರು, ಬಿಷಪ್ಪರೂ 1689ರಲ್ಲಿ ತಮ್ಮ ಪೀಠವನ್ನು ಮುರಾನೊ ದ್ವೀಪಕ್ಕೆ ಸಾಗಿಸಿದರು. ಊರಿನ ಇಟ್ಟಿಗೆ, ಕಲ್ಲುಗಳನ್ನು ದೋಣಿಗಳಲ್ಲಿ ಹೇರಿಕೊಂಡು ಹೋಗಿ ವೆನಿಸ್ಸಿನಲ್ಲಿ ಮನೆಗಳನ್ನು ಕಟ್ಟಿದರು. ಚರ್ಚು ಉಳಿದುಕೊಂಡಿತು.

ಮೊದಲ ದಿನವೇ ನಾನೊಂದು ತಪ್ಪು ಮಾಡಿದೆ. ಸಭಾಂಗಣದಲ್ಲಿರುವ ಅಮೃತಶಿಲೆಯ ಉಪದೇಶಪೀಠಕ್ಕೆ ಹತ್ತುವ ಮೆಟ್ಟಿಲುಗಳ ಪಕ್ಕದಲ್ಲಿ ಕೆತ್ತನೆಯ ಹಲಗೆಗಳಿವೆ. ಬಳ್ಳಿಯ ಸುರುಳಿಯೊಂದು ಅಂಚಿನಲ್ಲಿ ಅರ್ಧಕ್ಕೇ ನಿಂತಿತ್ತು. ನಾನು ವೃತ್ತಿಯ ಅಭ್ಯಾಸಬಲದಿಂದ, ಎಡಬಲದ ಸಮತೆಯನ್ನು ಊಹಿಸಿ, ಅದನ್ನು ಕಾಗದದ ಮೇಲೆ ಪೂರ್ಣಗೊಳಿಸಿಬಿಟ್ಟೆ. ಸಂಜೆ ಹಾಳೆಯನ್ನು ಮತ್ತೆ ನೋಡಿದಾಗ, ನಾನು ಬರೆದಷ್ಟು ಅಗಲದ ಹಲಗೆಗೆ ಆ ಮೆಟ್ಟಿಲಿನ ಪಕ್ಕದಲ್ಲಿ ಜಾಗವೇ ಇಲ್ಲವೆಂಬುದು ಹೊಳೆಯಿತು. ಅದು ಸವೆದು ಮುರಿದುಹೋದ ಕೆತ್ತನೆಯಲ್ಲ. ಬೇರೆಲ್ಲಿಗೋ ಕೆತ್ತಿದ್ದ ಹಳೆಯ ಹಲಗೆಯನ್ನು ಮೆಟ್ಟಿಲಿನ ಓರೆಗೆ ಹೊಂದುವಂತೆ, ಎಲೆ, ಬಳ್ಳಿಯೆಂದು ನೋಡದೆ, ನೇರವಾಗಿ ಕತ್ತರಿಸಿ ಜೋಡಿಸಿದ್ದರು. ಕಲ್ಲಿನ ಗಣಿಯೇ ಇಲ್ಲದ ಕೆಸರಿನ ದ್ವೀಪದಲ್ಲಿ ಅಮೃತಶಿಲೆಯ ಪ್ರತಿಯೊಂದು ತುಂಡೂ ದೋಣಿಯಲ್ಲೇ ಬರಬೇಕಿತ್ತು, ಆದ್ದರಿಂದ ಯಾವುದನ್ನೂ ಎಸೆಯುತ್ತಿರಲಿಲ್ಲ. ಮರುದಿನದಿಂದ ನಾನು ಚಿತ್ರಕ್ಕಿಂತ ಮೊದಲು ಅಂಚನ್ನು ಬರೆಯತೊಡಗಿದೆ: ಕತ್ತರಿಸಿದ ಅಂಚಿಗೆ ದಪ್ಪ ಗೆರೆ, ಮೂಲ ಶಿಲ್ಪಿಯೇ ಬಿಟ್ಟ ಅಂಚಿಗೆ ತೆಳು ಗೆರೆ.

ಈ ಕ್ರಮದಿಂದ ಉಳಿದ ವಸ್ತುಗಳೂ ಬೇರೆಯಾಗಿಯೇ ಕಾಣಿಸಿದವು. ಬಲಿಪೀಠದ ಆವರಣವನ್ನು ಸಭಾಂಗಣದಿಂದ ಬೇರ್ಪಡಿಸುವ ಕಟಾಂಜನದಲ್ಲಿ ಎತ್ತರದ ಪಾತ್ರೆಗೆ ಕೊಕ್ಕು ಚಾಚಿದ ಜೋಡಿ ನವಿಲುಗಳ ಹಲಗೆಗಳೂ ಬಳ್ಳಿಗಳ ನಡುವಿನ ಸಿಂಹಗಳ ಹಲಗೆಗಳೂ ಇವೆ. ಅವುಗಳ ಮೇಲೆ, ಕಿರುಗಂಬಗಳ ತಲೆಯ ಮೇಲೆ, ಮರಿಯಮ್ಮ ಮತ್ತು ಯೇಸುವಿನ ಶಿಷ್ಯರಾದ ಪ್ರೇಷಿತರನ್ನು ಚಿತ್ರಿಸಿದ 15ನೇ ಶತಮಾನದ ಮರದ ಫಲಕಗಳ ಸಾಲು. ಕೆಳಗಿನ ಕಲ್ಲಿಗೂ ಮೇಲಿನ ಮರಕ್ಕೂ ಶತಮಾನಗಳ ಅಂತರ. ಪ್ರಧಾನ ಬಲಿಪೀಠದ ಕೆಳಗಿರುವುದು ರೋಮನ್ ಕಾಲದ ಕಲ್ಲಿನ ಶವಪೆಟ್ಟಿಗೆ. ಆಲ್ತಿನೊದ ಮೊದಲ ಬಿಷಪ್ ಸಂತ ಹೆಲಿಯೊದೋರಸರ ಅವಶೇಷಗಳಿಗೆ ಅದೇ ಆಶ್ರಯವಾಗಿದೆ. ಅದರ ಹಿಂದೆ, ಅರ್ಧವೃತ್ತಾಕಾರದ ಗೋಡೆಗೆ ಒತ್ತಿಕೊಂಡು, ಪಾದ್ರಿಗಳು ಕುಳಿತುಕೊಳ್ಳಲು ಇಟ್ಟಿಗೆಯಲ್ಲಿ ಕಟ್ಟಿದ ಮೆಟ್ಟಿಲುಸಾಲು, ನಟ್ಟನಡುವೆ ಕಡಿದಾದ ಪಾವಟಿಗೆಗಳ ತುದಿಯಲ್ಲಿ ಬಿಷಪ್ಪರ ಆಸನ. ಇಡೀ ಚರ್ಚಿನಲ್ಲಿ ಬರೆಯಲು ಅತಿ ಸುಲಭವೂ ನೋಡಲು ಅತಿ ಗಂಭೀರವೂ ಆದದ್ದು ಇದೇ ಎಂದು ನನಗನ್ನಿಸಿತು. ಅಲಂಕಾರದ ಒಂದು ಗೆರೆಯೂ ಅದರಲ್ಲಿಲ್ಲ.

ಆ ಆಸನದ ಮೇಲ್ಗಡೆ, ಪುಟ್ಟ ಹರಳುಗಳನ್ನು ಜೋಡಿಸಿ ಮಾಡಿದ ಮೊಸಾಯಿಕ್ ಚಿತ್ರದ ಬಂಗಾರದ ಬಯಲಿನಲ್ಲಿ, ಕೂಸನ್ನು ಎಡಗೈಯಲ್ಲಿ ಹೊತ್ತ ಮರಿಯಮ್ಮ ಒಬ್ಬಳೇ ನಿಂತಿದ್ದಾಳೆ. ಎರಡು ಗಾಜಿನ ಪದರಗಳ ನಡುವೆ ಚಿನ್ನದ ರೇಕು ಇಟ್ಟು ಮಾಡಿದ ಪುಟ್ಟ ಹರಳುಗಳನ್ನು ಒಂದೇ ಮಟ್ಟಕ್ಕೆ ಕೂರಿಸದೆ ತುಸು ಓರೆಕೋರೆಯಾಗಿ ಕೂರಿಸಿರುವುದರಿಂದ, ನಾಲ್ಕು ಹೆಜ್ಜೆ ಸರಿದರೆ ಬೆಳಕಿದ್ದಲ್ಲಿ ಕತ್ತಲಾಗಿ ಕತ್ತಲಿದ್ದಲ್ಲಿ ಬೆಳಕಾಗುತ್ತದೆ. ಇದನ್ನು ಪೆನ್ಸಿಲಿನಲ್ಲಿ ಹಿಡಿಯಲಾಗದು. ಹೊರರೇಖೆಯನ್ನಷ್ಟೇ ಬರೆದು ಬಿಟ್ಟೆ. ಎದುರಿನ ಪಶ್ಚಿಮ ಗೋಡೆಯ ಅಂತಿಮ ತೀರ್ಪಿನ ಮೊಸಾಯಿಕ್ ಬಗ್ಗೆ ಸಾಕಷ್ಟು ಬರವಣಿಗೆ ಈಗಾಗಲೇ ಇದೆ. 19ನೇ ಶತಮಾನದ ದುರಸ್ತಿಯಲ್ಲಿ ಅದರ ಕೆಲವು ಭಾಗಗಳು ಹೊಸದಾಗಿರುವುದರಿಂದ ನಾನು ಮುಖಗಳ ಗೊಡವೆಗೆ ಹೋಗದೆ, ಶಿಲುಬೆಯ ದೃಶ್ಯದಿಂದ ನರಕದವರೆಗಿನ ಅಂತಸ್ತುಗಳನ್ನು ಮಾತ್ರ ಗುರುತಿಸಿಕೊಂಡೆ. ಆದರೂ ಕೆಳಮೂಲೆಯಲ್ಲಿ ಕಣ್ಣಿನ ಗುಳಿಗಳಿಂದ ಹಾವುಗಳು ತೂರಿಬರುವ ತಲೆಬುರುಡೆಗಳನ್ನು ಬರೆಯದೆ ಬರಲು ಮನಸ್ಸಾಗಲಿಲ್ಲ. ಅವು ಹೊಟ್ಟೆಕಿಚ್ಚಿನವರ ಪಾಲಿನ ಶಿಕ್ಷೆಯಂತೆ.

ಕೊನೆಯ ದಿನವನ್ನು ಹೊರಗೋಡೆಗೆ ಮೀಸಲಿಟ್ಟೆ. ದಕ್ಷಿಣದ ಕಿಟಕಿಗಳಿಗೆ ಮರದ ಕದಗಳಿಲ್ಲ. ಒಂದೊಂದು ಕಿಟಕಿಗೂ ಒಂದೊಂದು ಇಡೀ ಕಲ್ಲುಚಪ್ಪಡಿ, ಗೋಡೆಯಿಂದ ಹೊರಚಾಚಿದ ಕಲ್ಲಿನ ಕುಣಿಕೆಗಳಲ್ಲಿ ತಿರುಗುವಂತೆ ನಿಲ್ಲಿಸಿದ್ದಾರೆ. ಜೊತೆಗಿದ್ದ ಇಟಲಿಯ ಸಹೋದ್ಯೋಗಿಗೆ ಇದು ವಿಚಿತ್ರವೆನಿಸಿತು; ನನಗೆ ಹಾಗೆನಿಸಲಿಲ್ಲ, ಏಕೆಂದರೆ ನಮ್ಮ ಅಜ್ಜಿಯ ಮನೆಯ ತಲೆಬಾಗಿಲೂ ಬಿಜಾಗರಿಯಿಲ್ಲದೆ ಹೊಸ್ತಿಲಿನ ಗುಳಿಯಲ್ಲಿ ತಿರುಗುಣಿಯ ಮೇಲೆಯೇ ತಿರುಗುತ್ತಿತ್ತು. ವ್ಯತ್ಯಾಸವಿಷ್ಟೇ: ಅಲ್ಲಿ ಭಾರವನ್ನು ಹೊಸ್ತಿಲು ಹೊರುತ್ತಿತ್ತು, ಇಲ್ಲಿ ಗೋಡೆಯೇ ಹೊರುತ್ತದೆ. ಚಪ್ಪಡಿಯ ದಪ್ಪ, ಕುಣಿಕೆಯ ಚಾಚು, ಎರಡರ ನಡುವಿನ ಸಂದು ಇವಿಷ್ಟನ್ನು ಬೆರಳುಗಳೇ ಮರಗಟ್ಟುತ್ತಿದ್ದ ಗಾಳಿಯಲ್ಲಿ ನಿಂತು ಬರೆದುಕೊಂಡು, ಹಾಳೆಯ ಮೂಲೆಯಲ್ಲಿ ಅಜ್ಜಿಯ ಮನೆಯ ತಿರುಗುಣಿಯನ್ನೂ ನೆನಪಿನಿಂದ ಬರೆದಿಟ್ಟು, ಸಂಜೆಯ ದೋಣಿ ಹಿಡಿದೆ.