ಮಳೆಗಾಲದ ಲೈನಿನಲ್ಲೇ ಕರ್ನೆಲ್‌ಗೆ ಪ್ಯಾಚ್ ಕಳಿಸಿದ ಅನುಭವ

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್‌ನಲ್ಲಿ ಈಗ ನನ್ನ ಹೆಸರಿನ ಏಳೆಂಟು ಪ್ಯಾಚ್ (ಕೋಡಿನ ತಿದ್ದುಪಡಿ) ಇವೆ. ಎಲ್ಲವೂ ಹೊಸನಗರ ತಾಲ್ಲೂಕಿನ ಈ ಮೂಲೆಯಿಂದಲೇ ಹೋದವು. "ಮಾರಾಯಾ, ಜೂನ್ ಬಂದ್ರೆ ನಿಮ್ಮಲ್ಲಿ ಫೋನೇ ಹತ್ತಲ್ಲ, ಕರ್ನೆಲ್ಲಂತೆ!" ಎಂದು ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಗ ನಕ್ಕಿದ್ದ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನ ಲಾಗಿನಲ್ಲಿ ಅವನ ಹೆಸರು ಇನ್ನೂ ಬಂದಿಲ್ಲ, ಅದಿರಲಿ.

ದೊಡ್ಡ ಗೋಳು ಕ್ಲೋನಿನದ್ದು, ಅಂದರೆ ಇಡೀ ಕೋಡಿನ ನಕಲು ಇಳಿಸಿಕೊಳ್ಳುವುದರದ್ದು. ಇತಿಹಾಸ ಸಮೇತ ಇಳಿಸಿದರೆ ಹಲವು ಜಿಬಿ. ನಡುವೆ ತುಂಡಾದರೆ ಮತ್ತೆ ಸೊನ್ನೆಯಿಂದ ಶುರು. 2005ರಲ್ಲಿ ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೊರ್ವಾಲ್ಡ್ಸ್ ಅವರು ಗಿಟ್ ಬರೆದದ್ದೇ ಈ ಕರ್ನೆಲ್‌ಗಾಗಿ, ಆದರೂ ಕ್ಲೋನನ್ನು ನಿಂತಲ್ಲಿಂದ ಮುಂದುವರಿಸುವ ದಾರಿ ಅದರಲ್ಲಿಲ್ಲ. ರಾತ್ರಿಯಿಡೀ ಬಿಟ್ಟು ಮಲಗಿದರೆ ಅರವತ್ತೋ ಎಪ್ಪತ್ತೋ ಪರ್ಸೆಂಟಿಗೆ ಬಂದಾಗ ಎಲ್ಲೋ ಮರ ಬಿದ್ದು ಕರೆಂಟು ಹೋಗಿರುತ್ತಿತ್ತು. ಗುಡ್ಡದ ನೆತ್ತಿಗೆ ಹೋಗಿ ಮೊಬೈಲ್ ಡೇಟಾದಲ್ಲೂ ನೋಡಿದೆ. ಪ್ಯಾಕಿಗೇ ಏಳೆಂಟುನೂರು ಸುರಿದೆ, ಕಾಲಿಗೆ ಉಂಬಳ ಹತ್ತಿದ್ದೇ ಬಂತು. ಇತ್ತೀಚಿನ ಕೋಡನ್ನಷ್ಟೇ ತರುವ ಶ್ಯಾಲೋ ಕ್ಲೋನ್ ಇಳಿಯಿತು, ಆದರೆ ಒಂದು ಸಾಲು ಯಾಕೆ ಹಾಗಿದೆ ಎಂದು ಹಳೆಯ ಕಮಿಟ್ (ದಾಖಲಾದ ಬದಲಾವಣೆ) ಹುಡುಕಲು ಹೋದರೆ ಇತಿಹಾಸವೇ ಇಲ್ಲ.

ಕೊನೆಗೆ ಕೈಹಿಡಿದದ್ದು ಕರ್ನೆಲ್ ಡಾಟ್ ಆರ್ಗ್‌ನವರೇ ಇಟ್ಟಿರುವ ಬಂಡಲ್. ಅದು ಇತಿಹಾಸ ಸಮೇತ ಕಟ್ಟಿಟ್ಟ ಬರೀ ಒಂದು ಫೈಲು. ಫೈಲು ಇಳಿಸುವ ವಿಗೆಟ್ ಪ್ರೋಗ್ರಾಂಗೆ 'ಸಿ' ಆಪ್ಷನ್ ಕೊಟ್ಟರೆ ಕರೆಂಟು ಬಂದಾಗ ನಿಂತಲ್ಲಿಂದಲೇ ಇಳಿಯುತ್ತದೆ. ವಾರದೊಳಗೆ ಪೂರ್ತಿ ಬಂತು. ಅದರಿಂದಲೇ ಕ್ಲೋನ್ ಮಾಡಿ, ರಿಮೋಟ್ ವಿಳಾಸ ಬದಲಿಸಿ, ಬಾಕಿ ಉಳಿದಷ್ಟನ್ನು ಫೆಚ್ ಮಾಡಿಕೊಂಡೆ.

ಮೆಷಿನ್‌ಗೇ ಅರವತ್ತು ಸಾವಿರ ಬೇಕು ಅಂದವರಿದ್ದರು. ನನ್ನದು ಹದಿಮೂರೋ ಹದಿನಾಲ್ಕೋ ಸಾವಿರದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಕರ್ನೆಲ್ ಬಿಲ್ಡ್‌ಗೆ (ಕೋಡನ್ನು ಓಡುವ ಪ್ರೋಗ್ರಾಂ ಮಾಡಲು) ಹಾಕಿದರೆ ಇನ್ವರ್ಟರ್ ಮೊದಲು ಕೂಗುತ್ತದೆ. ಅದಕ್ಕೇ ಬಿಲ್ಡ್ ಬೇಡದ ಕೆಲಸ ಹಿಡಿದೆ: ಡಿವೈಸ್ ಟ್ರೀ ಬೈಂಡಿಂಗ್‌ಗಳ (ಹಾರ್ಡ್‌ವೇರನ್ನು ಕರ್ನೆಲ್‌ಗೆ ಹೇಗೆ ವಿವರಿಸಬೇಕೆಂಬ ನಿಯಮಗಳ) ಹಳೆಯ ಟೆಕ್ಸ್ಟ್ ಫೈಲುಗಳನ್ನು, ಮೆಷಿನ್ನೇ ಪರೀಕ್ಷಿಸಬಲ್ಲ ಯಾಮೆಲ್ ಸ್ಕೀಮಾಕ್ಕೆ ತರುವುದು. ಅದನ್ನು ಪರೀಕ್ಷಿಸುವ ಡಿಟಿ ಬೈಂಡಿಂಗ್ ಚೆಕ್ ಓಡಿಸುವಾಗ ನಿಮ್ಮ ಫೈಲಿನ ಹೆಸರನ್ನಷ್ಟೇ ಕೊಟ್ಟರೆ ಹಳೇ ಮೆಷಿನ್ನಿಗೂ ಭಾರವಾಗುವುದಿಲ್ಲ.

ಕರ್ನೆಲ್‌ನವರು ವೆಬ್‌ಸೈಟಿನಲ್ಲಿ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಬಟನ್ ಒತ್ತಿಸುವುದಿಲ್ಲ, ಪ್ಯಾಚ್ ಮೇಲ್‌ನಲ್ಲೇ ಹೋಗಬೇಕು. ಎಲ್ಲರೂ ಇದನ್ನು ಬೈಯುತ್ತಾರೆ, ನನಗೆ ಇದೇ ವರ. ಬ್ರೌಸರ್‌ನಿಂದ ಕಳಿಸಿದರೆ ಕೆಲಸ ಕೆಡುತ್ತದೆ. ಜಿಮೇಲ್ ವೆಬ್ಬು ಟ್ಯಾಬನ್ನು ಸ್ಪೇಸ್ ಮಾಡಿಬಿಡುತ್ತದೆ, ಎಚ್‌ಟಿಎಂಎಲ್ ಮೇಲ್ ಆದರಂತೂ ಮೇಲಿಂಗ್ ಲಿಸ್ಟ್ ಒಳಗೇ ಬಿಡುವುದಿಲ್ಲ. ಪ್ಯಾಚನ್ನು ಮೇಲ್ ಮಾಡುವ ಗಿಟ್ ಸೆಂಡ್-ಇಮೇಲ್‌ನ ಹಿಂದೆ, ಮೇಲ್ ರವಾನಿಸುವ ಎಂಎಸ್‌ಎಂಟಿಪಿ ಪ್ರೋಗ್ರಾಂನ ಕ್ಯೂ ಕೂರಿಸಿದೆ. ಲೈನ್ ಇಲ್ಲದಾಗ ಪ್ಯಾಚ್ ಅಲ್ಲೇ ಕೂತಿರುತ್ತದೆ, ಬಂದ ಕೂಡಲೇ ಹೊರಡುತ್ತದೆ. ಬಂದ ಮೇಲ್‌ಗಳನ್ನು ಎಂಬಿಸಿಂಕ್ ಒಟ್ಟಿಗೆ ಇಳಿಸಿಡುತ್ತದೆ, ಮಟ್ ಎಂಬ ಮೇಲ್ ಪ್ರೋಗ್ರಾಂನಲ್ಲಿ ನಿಧಾನಕ್ಕೆ ಓದುತ್ತೇನೆ. ಉತ್ತರ ಬರದಿದ್ದರೆ ಕನಿಷ್ಠ ಒಂದು ವಾರ ಕಾಯಿರಿ ಎಂದು ಕರ್ನೆಲ್ ದಾಖಲೆಯೇ ಹೇಳುತ್ತದೆ. ಮೂರು ದಿನ ಕರೆಂಟಿಲ್ಲದ ನನಗೆ ಕಾಯುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಮೊದಲ ಪ್ಯಾಚು ವಿ4 (ನಾಲ್ಕನೇ ಆವೃತ್ತಿ) ತನಕ ಎಳೆಯಿತು. ಪ್ಯಾಚಿನ ತಪ್ಪು ಹುಡುಕುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಸುಮ್ಮನಿದ್ದರೂ ಆ ಭಾಗ ನೋಡಿಕೊಳ್ಳುವ ಮೇಂಟೇನರ್ ಸುಮ್ಮನಿರಲಿಲ್ಲ. ಶೀರ್ಷಿಕೆಯಲ್ಲಿ 'ಬೈಂಡಿಂಗ್' ಎಂಬ ಪದ ತೆಗಿ, ಉದಾಹರಣೆಯ ಇಂಡೆಂಟ್ ಸರಿ ಮಾಡು, ಪ್ರಾಪರ್ಟಿಗೆ ಮಿತಿ ಹಾಕು. ಪ್ರತಿಸಲವೂ ಒಂದೊಂದು. ವಿ4ಕ್ಕೆ, ನೋಡಿ ಒಪ್ಪಿದ್ದೇನೆ ಎಂಬ 'ರಿವ್ಯೂಡ್-ಬೈ' ಬಿದ್ದ ದಿನ ಹೊಸನಗರಕ್ಕೆ ಹೋಗಿ ಮಸಾಲೆ ದೋಸೆ ತಿಂದು ಬಂದೆ.

ನಡುವೆ ಒಂದು ತಲೆಹರಟೆಯೂ ಆಯಿತು. ಅಡಿಕೆ ಒಣಗಿಸುವ ಅಟ್ಟಕ್ಕೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ತೇವಾಂಶ ಅಳೆಯುವ ಡಿಎಚ್‌ಟಿ22 ಸೆನ್ಸರ್ ಕಟ್ಟಿದೆ. ಡ್ರೈವರ್ ಕರ್ನೆಲ್‌ನಲ್ಲೇ ಇದೆ. ನಾಲ್ಕು ಸಲ ಓದಿದರೆ ಒಂದು ಸಲ ಉತ್ತರವೇ ಬಾರದೆ ಟೈಮೌಟ್. ಆಷಾಢದಲ್ಲಂತೂ ತೇವಾಂಶ 99.9ಕ್ಕೆ ಹೋಗಿ ಕೂತದ್ದು ಇಳಿಯಲೇ ಇಲ್ಲ. "ಇದನ್ನ ಹೇಳೋಕೆ ಮೆಷಿನ್ ಬೇಕಿತ್ತಾ?" ಅಂದರು ಅಪ್ಪಯ್ಯ.

ಪ್ಯಾಚಿಗೆ ನಯಾಪೈಸೆ ಬರುವುದಿಲ್ಲ. ಇನ್ವರ್ಟರ್ ಬ್ಯಾಟರಿಗೆ ಅಡಿಕೆ ದುಡ್ಡಿನಲ್ಲಿ ಹೆಚ್ಚುಕಡಿಮೆ ಹದಿನಾಲ್ಕು ಸಾವಿರ, ಎಸ್‌ಎಸ್‌ಡಿಗೆ ಎರಡೂವರೆ. ಆದರೆ ಈ ಪ್ಯಾಚುಗಳನ್ನು ನೋಡಿಯೇ ಬೋರ್ಡ್ ಮಾಡುವ ಕಂಪನಿಯೊಂದು ಎರಡು ತಿಂಗಳ ಕೆಲಸ ಕೊಟ್ಟಿತು. ಹಾಕಿದ್ದೆಲ್ಲ ವಾಪಸ್ ಬಂದು ಒಂದಿಷ್ಟು ಉಳಿಯಿತು. ಸಾಲಲ್ಲಿ ಇನ್ನೂ ಐದಾರು ಫೈಲಿವೆ. ಯಾವ ಡೈರೆಕ್ಟರಿಯವು, ಯಾವ ಮೇಂಟೇನರ್ ಬೇಗ ಉತ್ತರಿಸುತ್ತಾರೆ ಎಂಬುದನ್ನು ಮಾತ್ರ ಕೇಳಬೇಡಿ. ದೊಡ್ಡಪ್ಪನ ಮಗನೂ ಈಗ ಅದನ್ನೇ ಕೇಳುತ್ತಿದ್ದಾನೆ.