‘ಗೂಗಲ್‌ನಲ್ಲಿ ನಂಬರ್ ಒನ್ ಮಾಡ್ತೀವಿ’ ಅನ್ನೋರಿಗೆ ದುಡ್ಡು ಕೊಡೋ ಮುಂಚೆ: ನನ್ನ ಅನುಭವ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಅಕ್ಕನ ಲೇಡೀಸ್ ಟೈಲರಿಂಗ್ ಅಂಗಡಿ ಇದೆ. ಅದರ ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್‌ನಲ್ಲಿ, ಮ್ಯಾಪ್‌ನಲ್ಲಿ ಹುಡುಕಿದಾಗ ಅಂಗಡಿಯ ವಿವರ ತೋರಿಸುವ ಪುಟ, ನೋಡಿಕೊಳ್ಳುವುದು ನಾನು. ಮಂಡ್ಯದಲ್ಲಿ ಭಾವನ ಮೋಟಾರ್ ರಿವೈಂಡಿಂಗ್ ಅಂಗಡಿಯದ್ದೂ ಈಗ ನನ್ನ ಕೈಯಲ್ಲೇ ಇದೆ. ಸಣ್ಣ ಅಂಗಡಿಯವರು ಈ ‘ಲೋಕಲ್ ಎಸ್‌ಇಒ’ (ಹತ್ತಿರದವರು ಗೂಗಲ್‌ನಲ್ಲಿ ಹುಡುಕಿದಾಗ ಅಂಗಡಿ ಮೇಲೆ ಬರುವಂತೆ ಮಾಡುವ ಕೆಲಸ) ಹೆಸರಲ್ಲಿ ತಿಂಗಳು ತಿಂಗಳು ದುಡ್ಡು ಕಳೆದುಕೊಳ್ಳುವುದನ್ನು ನೋಡಿದಾಗ ನಿಜಕ್ಕೂ ಹೊಟ್ಟೆ ಉರಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಂಗಡಿಗೆ ಬರುವ ಏಜೆಂಟರು ಸಾಮಾನ್ಯವಾಗಿ ಮಾಡುವುದು ಇಷ್ಟು. ಅಂಗಡಿಯೊಳಗೇ ನಿಂತು ಫೋನ್‌ನಲ್ಲಿ ‘ಲೇಡೀಸ್ ಟೈಲರ್’ ಅಂತ ಹುಡುಕುತ್ತಾರೆ, ನಮ್ಮ ಅಂಗಡಿ ಮೇಲೆ ಬರುತ್ತದೆ, ‘ನೋಡಿ ಮೇಡಂ, ನಮ್ಮ ಕೆಲಸ’ ಅನ್ನುತ್ತಾರೆ. ಬರದೆ ಇನ್ನೇನು? ಹುಡುಕುತ್ತಿರುವವರು ಎಲ್ಲಿ ನಿಂತಿದ್ದಾರೆ ಅನ್ನುವುದನ್ನು ಗೂಗಲ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಗೂಗಲ್ ತಾನೇ ಹೇಳಿರುವ ಪ್ರಕಾರ ಮ್ಯಾಪ್‌ನಲ್ಲಿ ಯಾರು ಮೇಲೆ ಅನ್ನುವುದಕ್ಕೆ ಮುಖ್ಯವಾಗಿ ಮೂರು ವಿಷಯ: ಹುಡುಕಿದ್ದಕ್ಕೂ ನಿಮ್ಮ ಅಂಗಡಿಗೂ ಹೊಂದಿಕೆ ಎಷ್ಟು, ದೂರ ಎಷ್ಟು, ಅಂಗಡಿಗೆ ಹೆಸರು ಎಷ್ಟು. ದುಡ್ಡು ಕೊಟ್ಟು ಈ ಜಾಗ ಕೊಳ್ಳೋಕೆ ಆಗಲ್ಲ ಅಂತಲೂ ಅವರೇ ಹೇಳಿದ್ದಾರೆ. ಜಾಹೀರಾತು ಬೇರೆ, ಅದರ ಮೇಲೆ ‘ಸ್ಪಾನ್ಸರ್ಡ್’ ಅಂತ ಬರೆದಿರುತ್ತದೆ.

ನಾನು ವಿಜಯನಗರ ನಾಲ್ಕನೇ ಸ್ಟೇಜ್‌ಗೆ ಹೋದಾಗ ಅಲ್ಲೇ ನಿಂತು ಹುಡುಕಿದೆ. ನಮ್ಮ ಅಂಗಡಿ ಸುಳಿವೇ ಇಲ್ಲ, ಬಂದವೆಲ್ಲಾ ಅಲ್ಲಿನ ಟೈಲರ್‌ಗಳೇ. ಅದು ಸರಿಯೇ ಅಲ್ವಾ, ಒಂದು ಸಾದಾ ಬ್ಲೌಸ್ ಹೊಲಿಸೋಕೆ ಅಷ್ಟು ದೂರದಿಂದ ಯಾರು ಬರುತ್ತಾರೆ? ಆದರೆ ಅಲ್ಲೇ ನಿಂತು ‘ಆರಿ ವರ್ಕ್ ಬ್ಲೌಸ್’ (ಕೊಕ್ಕೆ ಸೂಜಿಯ ಕಸೂತಿ ಇರುವ ಬ್ಲೌಸ್) ಅಂತ ಹುಡುಕಿದಾಗ ನಾವು ಕಾಣಿಸಿದೆವು. ಆ ಕೆಲಸ ಮಾಡುವವರು ಕಡಿಮೆ, ಹಾಗಾಗಿ ಗೂಗಲ್ ಇನ್ನಷ್ಟು ದೂರದವರೆಗೂ ಹುಡುಕುತ್ತದೆ ಅಂತ ನನ್ನ ಅಂದಾಜು. ಮದುವೆ ಬ್ಲೌಸ್‌ಗೆ ಜನ ಊರು ದಾಟಿಯೂ ಬರುತ್ತಾರೆ. ಅವತ್ತಿನಿಂದ ಆರಿ ವರ್ಕ್ ಅನ್ನು ಸರ್ವಿಸ್ ಪಟ್ಟಿಯಲ್ಲಿ ಬೇರೆಯಾಗಿಯೇ ಸೇರಿಸಿದೆ, ಮಗ್ಗದ ಮೇಲೆ ಬಟ್ಟೆ ಬಿಗಿದು ಅಕ್ಕ ಜರ್ದೋಸಿ ಹಾಕುತ್ತಿರುವ ಫೋಟೋಗಳನ್ನು ಹಾಕತೊಡಗಿದೆ. ಇಡೀ ಮೈಸೂರಿಗೆ ಮೊದಲು ಬರಬೇಕು ಅನ್ನುವ ಆಸೆ ಬಿಟ್ಟು, ನಮ್ಮ ಯಾವ ಕೆಲಸಕ್ಕೆ ಜನ ದೂರದಿಂದ ಬರುತ್ತಾರೆ ಅಂತ ಯೋಚಿಸಿದ್ದೇ ನಮಗೆ ಜಾಸ್ತಿ ಉಪಯೋಗ ಆಯಿತು.

ಕ್ಯಾಟಗರಿ ವಿಷಯವನ್ನು ಜನ ತುಂಬಾ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಒಂದು ಮುಖ್ಯ ಕ್ಯಾಟಗರಿ, ಜೊತೆಗೆ ಇನ್ನೂ 9 ಸೇರಿಸಬಹುದು. ಸೇರಿಸಬಹುದು ಅಂತ ಎಲ್ಲವನ್ನೂ ತುಂಬಬೇಕಿಲ್ಲ. ಅಕ್ಕನ ಅಂಗಡಿಯನ್ನು ಮೊದಲು ಲಿಸ್ಟ್ ಮಾಡಿಕೊಟ್ಟವರು ಮುಖ್ಯ ಕ್ಯಾಟಗರಿಯಲ್ಲಿ ಬಟ್ಟೆ ಅಂಗಡಿ ಅಂತ ಹಾಕಿದ್ದರು, ಸೀರೆ ಇದೆಯಾ, ಚೂಡಿದಾರ್ ಇದೆಯಾ ಅಂತ ಫೋನ್ ಬರುತ್ತಿದ್ದವು. ಅದನ್ನು ‘ಟೈಲರ್’ ಅಂತ ಬದಲಾಯಿಸಿದ ಮೇಲೆ ಬರುವ ಫೋನುಗಳೇ ಬೇರೆಯಾದವು. ಜನ ಏನು ಟೈಪ್ ಮಾಡಿ ನಮ್ಮನ್ನು ಕಂಡರು ಅನ್ನುವುದು ಪ್ರೊಫೈಲ್‌ನ ಪರ್ಫಾರ್ಮೆನ್ಸ್ ಭಾಗದಲ್ಲಿ ಸುಮ್ನೆ ಸಿಗುತ್ತದೆ, ಅದಕ್ಕೂ ಕಾಸು ಕೊಡಬೇಕಿಲ್ಲ.

ಹೆಸರಿಗೆ ಬಾಲ ಅಂಟಿಸುವುದು ಇನ್ನೊಂದು. ಬೋರ್ಡ್ ಮೇಲೆ ಇರುವುದು ಬರೀ ಅಂಗಡಿ ಹೆಸರು, ಗೂಗಲ್‌ನಲ್ಲಿ ಮಾತ್ರ ಅದರ ಪಕ್ಕ ‘ಬೆಸ್ಟ್ ಮೋಟಾರ್ ರಿವೈಂಡಿಂಗ್ ಇನ್ ಮಂಡ್ಯ’. ಇದರಿಂದ ಸ್ವಲ್ಪ ದಿನ ಮೇಲೆ ಬರುವುದೂ ಉಂಟು, ಸುಳ್ಳಲ್ಲ. ಆದರೆ ನಿಯಮದ ಪ್ರಕಾರ ಬೋರ್ಡ್‌ನಲ್ಲಿ ಇರುವ ಹೆಸರೇ ಇರಬೇಕು. ಪಕ್ಕದ ಅಂಗಡಿಯವರೂ ‘ಹೆಸರು ತಪ್ಪು’ ಅಂತ ಗೂಗಲ್‌ಗೆ ತಿಳಿಸಬಹುದು. ಭಾವನ ಲಿಸ್ಟಿಂಗ್‌ಗೆ ಒಬ್ಬ ಏಜೆಂಟ್ ಹೀಗೆ ಬಾಲ ಸೇರಿಸಿದ್ದ, ಸರಿಯಾಗಿ ಬೇಸಿಗೆಯಲ್ಲಿ, ರೈತರ ಪಂಪ್‌ಸೆಟ್ ಮೋಟಾರ್‌ಗಳು ಸುಟ್ಟು ಸಾಲಾಗಿ ಬರುವ ಹೊತ್ತಲ್ಲೇ, ಪ್ರೊಫೈಲ್ ಸಸ್ಪೆಂಡ್ ಆಯಿತು. ಹೆಸರನ್ನು ಬೋರ್ಡ್‌ನಲ್ಲಿ ಇದ್ದಂತೆ ತಿದ್ದಿ, ಟ್ರೇಡ್ ಲೈಸೆನ್ಸು, ಕರೆಂಟ್ ಬಿಲ್ಲು ಕೊಟ್ಟು ಅಪೀಲ್ ಮಾಡಿದ ಮೇಲೆಯೇ ವಾಪಸ್ ಬಂದದ್ದು.

ರಿವ್ಯೂ ಎಣಿಕೆ ಒಂದೇ ಮುಖ್ಯ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಡಿಸ್ಕೌಂಟ್ ಕೊಟ್ಟು ಬರೆಸುವುದು ನಿಯಮಕ್ಕೆ ವಿರುದ್ಧ, ಕೊಂಡ ರಿವ್ಯೂಗಳನ್ನು ಗೂಗಲ್ ಅಳಿಸಿಬಿಡುತ್ತದೆ. ನಾವು ಮಾಡುವುದು ಇಷ್ಟೇ: ಬಟ್ಟೆ ಹಾಕಿ ನೋಡಿದ ಎಲ್ಲರಿಗೂ ಅಲ್ಲೇ ಕ್ಯೂಆರ್ ಕೋಡ್ ತೋರಿಸಿ, ‘ಏನು ಹೊಲಿಸಿದ್ರಿ ಅಂತ ಒಂದೆರಡು ಸಾಲು ಬರೀರಿ ಅಕ್ಕ, ಕನ್ನಡದಲ್ಲಾದ್ರೂ ಸರಿ’ ಅನ್ನುತ್ತೇವೆ. ಒಮ್ಮೆ ಒಬ್ಬರು ತೋಳು ಬಿಗಿ ಅಂತ ಎರಡು ಸ್ಟಾರ್ ಕೊಟ್ಟಿದ್ದರು. ‘ಮೇಡಂ, ಒಳಗೆ ಮಾರ್ಜಿನ್ ಬಿಟ್ಟಿದ್ದೇವೆ, ತನ್ನಿ, ಬಿಡಿಸಿ ಕೊಡುತ್ತೇವೆ’ ಅಂತ ಅಲ್ಲೇ ಉತ್ತರ ಬರೆದೆವು. ಅವರು ಬಂದರು. ಆಮೇಲೆ ಹೊಸದಾಗಿ ಬಂದ ಗಿರಾಕಿಯೊಬ್ಬರು ಆ ಉತ್ತರ ಓದಿಯೇ ಧೈರ್ಯ ಬಂತು ಅಂದರು.

ಇನ್ನು ಅಂಗಡಿ ಸಮಯ. ದಸರಾದಲ್ಲಿ, ಆಯುಧಪೂಜೆ ದಿನ ಎಷ್ಟು ಹೊತ್ತು ತೆರೆದಿರುತ್ತೀರಿ ಅನ್ನುವುದನ್ನು ಮೊದಲೇ ಹಾಕಿಡಿ. ಮ್ಯಾಪ್ ನೋಡಿಕೊಂಡು ಬಂದು ಮುಚ್ಚಿದ ಶಟರ್ ಕಂಡವರು ಮತ್ತೆ ಬರುವುದು ಕಷ್ಟ.

ಕೊನೆಗೆ, ಎಲ್ಲಕ್ಕಿಂತ ಹೆಚ್ಚು ಕಿರಿಕಿರಿ ಕೊಡುವ ವಿಷಯ: ಬೇರೆಯವರ ಕೈಲಿ ಲಿಸ್ಟಿಂಗ್ ಮಾಡಿಸಿದರೂ ಅದು ನಿಮ್ಮ ಸ್ವಂತ ಜಿಮೇಲ್‌ನಲ್ಲೇ ಇರಲಿ. ಅವರಿಗೆ ‘ಮ್ಯಾನೇಜರ್’ ಅಂತ ಮಾತ್ರ ಪ್ರವೇಶ ಕೊಡಿ, ‘ಓನರ್’ ನೀವೇ ಆಗಿರಿ. ಈಗಾಗಲೇ ಅವರ ಜಿಮೇಲ್‌ನಲ್ಲಿದ್ದರೆ, ಮ್ಯಾಪ್‌ನಲ್ಲಿ ನಿಮ್ಮ ಅಂಗಡಿ ತೆರೆದು ‘ಕ್ಲೇಮ್’ ಮಾಡೋಕೆ ಹೋದರೆ ಓನರ್‌ಶಿಪ್ ಕೇಳುವ ದಾರಿ ಕಾಣಿಸುತ್ತದೆ. ಅವರು ಉತ್ತರವನ್ನೇ ಕೊಡದಿದ್ದರೆ ವೆರಿಫಿಕೇಶನ್ ಮಾಡಿ ನೀವೇ ತೆಗೆದುಕೊಳ್ಳುವ ಅವಕಾಶ ಸಿಗಬಹುದು. ಅದಕ್ಕೆ ಗೂಗಲ್ ವಿಡಿಯೋ ಕೇಳಿದರೆ ಬೀದಿ, ಬೋರ್ಡ್, ಒಳಗಿನ ಮಿಷನ್‌ಗಳು, ನೀವೇ ಬೀಗ ತೆಗೆಯುವುದು, ಎಲ್ಲಾ ಒಂದೇ ಸಲ ನಿಲ್ಲಿಸದೆ ತೆಗೆದು ಕಳಿಸಿ.