ಒಂದು ಕಮಾಂಡ್ ಕೊಟ್ಟರೆ ಬಟನ್ ನಿಮ್ಮದೇ ಫೋಲ್ಡರಿಗೆ

ಬಾಗಲಕೋಟೆಯ ನವನಗರದಲ್ಲಿ ಕುಳಿತು ಇಳಕಲ್ ಸೀರೆಯ ಅಂಗಡಿಯೊಂದಕ್ಕೆ ಆರ್ಡರ್ ಪುಟ ಸಿದ್ಧಪಡಿಸುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಅದಕ್ಕೊಂದು ಬಟನ್ ಬೇಕು. ಗೋಮಿ, ಪರಸಪೇಟಿ, ಗಾಡಿ ಎಂಬ ದಡಿಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಪಟ್ಟಿ ಬೇಕು. ಬಾಣದ ಕೀಲಿ ಒತ್ತಿದರೆ ಸರಿಯುವ, ಎಸ್ಕೇಪ್ ಒತ್ತಿದರೆ ಮುಚ್ಚುವ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಸರಿಯಾಗಿ ಓದಬಲ್ಲ ಪಟ್ಟಿಯನ್ನು ಸೊನ್ನೆಯಿಂದ ಬರೆಯುವುದು ಕಂಡಷ್ಟು ಸುಲಭವಲ್ಲ. ಶ್ಯಾಡ್‌ಸಿಎನ್ ಎಂಬ ಉಚಿತ ಸಾಧನ ಇಂಥ ಬಿಡಿಭಾಗಗಳನ್ನು ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯ ಮೂಲಕ ತಂದುಕೊಡುತ್ತದೆ.

ಮೊದಲು ಜಾವಾಸ್ಕ್ರಿಪ್ಟ್ ಕೋಡನ್ನು ಕಂಪ್ಯೂಟರಿನಲ್ಲೇ ಓಡಿಸುವ ನೋಡ್ ಜೆಎಸ್‌ನ ದೀರ್ಘಾವಧಿ ಬೆಂಬಲವುಳ್ಳ ಆವೃತ್ತಿಯನ್ನು ಹಾಕಿಕೊಳ್ಳಿ. ಇಂಥ ಸಾಧನಗಳನ್ನು ತಂದು ಓಡಿಸುವ ಎನ್‌ಪಿಎಕ್ಸ್ ಅದರ ಜೊತೆಗೇ ಬರುತ್ತದೆ. ನಂತರ ವೆಬ್ ಪುಟ ಕಟ್ಟುವ ಚೌಕಟ್ಟಾದ ನೆಕ್ಸ್ಟ್ ಜೆಎಸ್‌ನಲ್ಲಿ ಹೊಸ ಪ್ರಾಜೆಕ್ಟ್ ಆರಂಭಿಸಿ, ಪುಟದ ಅಂದವನ್ನು ಸಿದ್ಧ ಪದಗಳಿಂದ ಹೊಂದಿಸುವ ಟೈಲ್‌ವಿಂಡ್ ಬೇಕೇ ಎಂದು ಕೇಳಿದರೆ ಹೌದು ಎನ್ನಿ. ನೆಕ್ಸ್ಟ್ ಬದಲು ವೀಟ್ ಎಂಬ ಸಾಧನ ಬಳಸುವವರು ಟೈಲ್‌ವಿಂಡ್ ಅನ್ನೂ ಫೋಲ್ಡರ್ ದಾರಿಯ ಅಡ್ಡಹೆಸರನ್ನೂ ತಾವೇ ಹೊಂದಿಸಬೇಕಾಗುತ್ತದೆ, ಇಲ್ಲದಿದ್ದರೆ ಮುಂದಿನ ಹೆಜ್ಜೆ ನಡುವೆಯೇ ನಿಲ್ಲುತ್ತದೆ.

ಪ್ರಾಜೆಕ್ಟ್ ಫೋಲ್ಡರಿನೊಳಗೆ ಟರ್ಮಿನಲ್ ತೆರೆದು, ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ "ಎನ್‌ಪಿಎಕ್ಸ್ ಶ್ಯಾಡ್‌ಸಿಎನ್@ಲೇಟೆಸ್ಟ್ ಇನಿಟ್" (npx shadcn@latest init) ಎಂದು ಟೈಪ್ ಮಾಡಿ. ಮೊದಲ ಸಲ ಮುಂದುವರಿಯಲೇ ಎಂದು ಕೇಳಿದರೆ ವೈ ಒತ್ತಿ. ಹಳೆಯ ವೀಡಿಯೊಗಳಲ್ಲಿ ಹೆಸರಿನ ಕೊನೆಗೆ ಯುಐ ಎಂಬ ಬಾಲವಿರುತ್ತದೆ. 2024ರಲ್ಲಿ ಅದನ್ನು ಬಿಟ್ಟಿದ್ದಾರೆ. ಈ ಕಮಾಂಡ್ ಕಾಂಪೊನೆಂಟ್ಸ್ ಜೇಸನ್ ಎಂಬ ಕಡತವನ್ನು ಸೃಷ್ಟಿಸಿ, ಬಣ್ಣಗಳನ್ನು ಪುಟದ ಅಂದ ನಿರ್ಧರಿಸುವ ನಿಮ್ಮ ಸಿಎಸ್‌ಎಸ್ ಕಡತಕ್ಕೆ ಬರೆಯುತ್ತದೆ.

ಈಗ ಇನಿಟ್ ಇದ್ದ ಜಾಗದಲ್ಲಿ "ಆ್ಯಡ್ ಬಟನ್ ಸೆಲೆಕ್ಟ್" ಎಂದು ಬರೆದು ಎಂಟರ್ ಒತ್ತಿದರೆ, ಕಾಂಪೊನೆಂಟ್ಸ್ ಫೋಲ್ಡರಿನೊಳಗಿನ ಯುಐ ಫೋಲ್ಡರಿನಲ್ಲಿ ಎರಡು ಕಡತಗಳು ಬಂದು ಕೂರುತ್ತವೆ. ಬೇರೆ ಲೈಬ್ರರಿಗಳ ಕೋಡ್ ನೋಡ್ ಮಾಡ್ಯೂಲ್ಸ್ ಎಂಬ ಉಗ್ರಾಣದಲ್ಲಿರುವುದರಿಂದ ಅದನ್ನು ಯಾರೂ ಕೈಯಾರೆ ತಿದ್ದುವುದಿಲ್ಲ. ಇಲ್ಲಿ ಹಾಗಲ್ಲ: ಮೂಲ ಕೋಡಿನ ಪ್ರತಿಯೇ ನಿಮ್ಮ ಕೈಗೆ ಬಂದಿರುತ್ತದೆ, ತಿದ್ದುವ ಹಕ್ಕೂ ಕಾಯ್ದುಕೊಳ್ಳುವ ಹೊಣೆಯೂ ನಿಮ್ಮವೇ.

ಕನ್ನಡದ ಪುಟಗಳಿಗೆ ಈ ಹಕ್ಕು ಬೇಕೇ ಬೇಕು. "ಸೆರಗಿನ ಬಣ್ಣ ಆರಿಸಿ ಆರ್ಡರ್ ಖಚಿತಪಡಿಸಿ" ಎಂದು ಬಟನ್ ಮೇಲೆ ಬರೆದರೆ ಸಣ್ಣ ಮೊಬೈಲಿನಲ್ಲಿ ಅಕ್ಷರಗಳು ಅಂಚು ದಾಟಿ ಹೋಗುತ್ತವೆ. ಬಟನ್ ಕಡತ ತೆರೆದು ನೋಡಿ: ಆರಂಭದ ಉದ್ದನೆಯ ಸಾಲಿನಲ್ಲಿ ವೈಟ್‌ಸ್ಪೇಸ್-ನೋರ‍್ಯಾಪ್ ಎಂಬ ಪದವಿರುತ್ತದೆ, ಸಾಲು ಮುರಿಯದಂತೆ ತಡೆಯುವುದು ಅದೇ. ಅದನ್ನು ವೈಟ್‌ಸ್ಪೇಸ್-ನಾರ್ಮಲ್ ಎಂದು ಬದಲಿಸಿ. ಕೆಳಗೆ ಗಾತ್ರಗಳ ಭಾಗದಲ್ಲಿ ಎಚ್-9 ಎಂದಿದ್ದರೆ ಎತ್ತರ 36 ಪಿಕ್ಸೆಲ್‌ಗೆ ಕಟ್ಟಿಬಿದ್ದಿದೆ ಎಂದರ್ಥ. ಅದನ್ನು ಮಿನ್-ಎಚ್-9 ಎಂದು ಮಾಡಿದರೆ ಎರಡು ಸಾಲು ಬಂದಾಗ ಬಟನ್ ತಾನೇ ಬೆಳೆಯುತ್ತದೆ, ಒತ್ತಕ್ಷರಗಳೂ ಕೆಳ ಅಂಚಿಗೆ ತಾಗುವುದಿಲ್ಲ.

ಹೀಗೆ ತಿದ್ದಿದ ಕೂಡಲೇ, ಕಡತಗಳ ಹಳೆಯ ರೂಪಗಳನ್ನು ಕಾಪಾಡುವ ಗಿಟ್‌ನಲ್ಲಿ ಕಮಿಟ್ ಮಾಡಿ, ಅಂದರೆ ಈಗಿನ ರೂಪವನ್ನು ಉಳಿಸಿ. ನಾನು ಅದನ್ನು ಮಾಡದೆ, ಸೀರೆ ತಲುಪಿಸುವ ದಿನಾಂಕಕ್ಕೆಂದು ಕ್ಯಾಲೆಂಡರ್ ತರಿಸಿದೆ. ಕ್ಯಾಲೆಂಡರಿಗೂ ಬಟನ್ ಬೇಕಾದ್ದರಿಂದ, ಬಟನ್ ಕಡತ ಈಗಾಗಲೇ ಇದೆ, ಅದರ ಮೇಲೆಯೇ ಬರೆಯಲೇ ಎಂದು ಟರ್ಮಿನಲ್ ಕೇಳಿತು. ಓದದೆ ವೈ ಒತ್ತಿದೆ; ಒಂದು ಸಂಜೆಯ ತಿದ್ದುಪಡಿಗಳೆಲ್ಲ ಅಳಿಸಿಹೋದವು. ತಪ್ಪು ಸಾಧನದ್ದಲ್ಲ, ಅದು ಕೇಳಿಯೇ ಬರೆದಿತ್ತು. ಆ ಪ್ರಶ್ನೆಗೆ ಎನ್ ಒತ್ತಿದರೆ ಕ್ಯಾಲೆಂಡರ್ ಮಾತ್ರ ಬರುತ್ತದೆ. ಓವರ್‌ರೈಟ್ ಎಂಬ ಆಯ್ಕೆಯನ್ನು ಕಮಾಂಡಿಗೆ ಸೇರಿಸಿದರೆ ಪ್ರಶ್ನೆಯೇ ಬರುವುದಿಲ್ಲ, ಹಾಗಾಗಿ ಹೊಸಬರು ಅದರಿಂದ ದೂರವಿರುವುದು ಒಳ್ಳೆಯದು. ಕಮಿಟ್ ಮಾಡಿದ್ದರೆ ಗಿಟ್ ರಿಸ್ಟೋರ್ ಕಮಾಂಡಿನಿಂದ ಹಳೆಯ ಬಟನ್ ಕ್ಷಣದಲ್ಲಿ ಮರಳುತ್ತದೆ.

ಕೊನೆಗೆ ಪುಟದ ಕಡತದಲ್ಲಿ ಬಟನ್ ಮತ್ತು ಸೆಲೆಕ್ಟ್ ಎರಡನ್ನೂ ಇಂಪೋರ್ಟ್ ಮಾಡಿ, ದಡಿಯ ಹೆಸರುಗಳನ್ನು ಪಟ್ಟಿಗೆ ಸೇರಿಸಿ, ಬ್ರೌಸರಿನ ಅಗಲವನ್ನು 320 ಪಿಕ್ಸೆಲ್‌ವರೆಗೆ ಕುಗ್ಗಿಸಿ ನೋಡಿ. ಅಷ್ಟು ಕಿರಿದಾದ ಪರದೆಯಲ್ಲೂ "ಖಚಿತಪಡಿಸಿ" ಎಂಬ ಪದ ಪೂರ್ತಿ ಕಾಣುತ್ತಿದ್ದರೆ ಪುಟವನ್ನು ಅಂಗಡಿಯವರಿಗೆ ತೋರಿಸಬಹುದು.